ಬಿಲ್ಲು ಮತ್ತು ಹೆದೆ: ಕಲನಶಾಸ್ತ್ರಕ್ಕೆ ಕಾಲಿಡುವವರು ತ್ರಿಕೋನಮಿತಿಯ ಲಿಮಿಟ್ ಕಲಿಯುವ ಬಗೆ

ಒಂದು ಬಿಲ್ಲನ್ನು ಕಣ್ಣ ಮುಂದೆ ತಂದುಕೊಳ್ಳಿ. ಬಾಗಿದ ಕೋಲು, ಅದರ ಎರಡು ತುದಿಗೆ ಬಿಗಿದ ನೇರವಾದ ಹೆದೆ. ಕೋಲು ಹೆಚ್ಚು ಬಾಗಿದ್ದರೆ ಅದರ ಉದ್ದಕ್ಕೂ ಹೆದೆಯ ಉದ್ದಕ್ಕೂ ಬಹಳ ವ್ಯತ್ಯಾಸವಿರುತ್ತದೆ. ಬಾಗು ಕಡಿಮೆಯಾದಷ್ಟೂ ಎರಡರ ಉದ್ದ ಹತ್ತಿರ ಹತ್ತಿರ ಬರುತ್ತದೆ. ಕಲನಶಾಸ್ತ್ರದ ಮೊದಲ ಪಾಠಗಳಲ್ಲಿ ಎದುರಾಗುವ ತ್ರಿಕೋನಮಿತಿಯ ಲಿಮಿಟ್‌ಗಳೆಲ್ಲ ನಿಂತಿರುವುದು ಈ ಒಂದೇ ಸಂಗತಿಯ ಮೇಲೆ.

ಆದರೆ ಹೆಚ್ಚಿನ ವಿದ್ಯಾರ್ಥಿಗಳಿಗೆ ಅದು ಸಿಗುವುದು ಸೂತ್ರಗಳ ಪಟ್ಟಿಯಾಗಿ. ಆರೇಳು ಸಾಲು ಬಾಯಿಪಾಠ, ಪರೀಕ್ಷೆ ಮುಗಿದ ವಾರಕ್ಕೆ ಮರೆವು. ಇಲ್ಲಿ ನಾನು ಹೇಳುವ ಕ್ರಮದಲ್ಲಿ ಕಲಿತರೆ ನೆನಪಿಡಬೇಕಾದ ಲಿಮಿಟ್ ಒಂದೇ. ಮಿಕ್ಕವನ್ನು ಬೇಕಾದಾಗ ಅರ್ಧ ನಿಮಿಷದಲ್ಲಿ ನೀವೇ ಹುಟ್ಟಿಸಿಕೊಳ್ಳಬಹುದು. ಕಾಗದ, ಪೆನ್ಸಿಲ್, ಕೈವಾರ ಮತ್ತು ವೈಜ್ಞಾನಿಕ ಕ್ಯಾಲ್ಕುಲೇಟರ್ ಹತ್ತಿರ ಇಟ್ಟುಕೊಳ್ಳಿ. ಸುಮ್ಮನೆ ಓದಿದರೆ ಅರ್ಧ ಮಾತ್ರ ದಕ್ಕುತ್ತದೆ, ಬರೆಯುತ್ತಾ ಓದಿ.

ಮೊದಲ ಹೆಜ್ಜೆ: ತ್ರಿಭುಜ ಬಿಟ್ಟು ವೃತ್ತಕ್ಕೆ ಬನ್ನಿ

ಹೈಸ್ಕೂಲಿನಲ್ಲಿ ಕಲಿತದ್ದು ಲಂಬಕೋನ ತ್ರಿಭುಜದ ಸೈನ್: ಅಭಿಮುಖ ಬಾಹುವನ್ನು ವಿಕರ್ಣದಿಂದ ಭಾಗಿಸು. ಪಾರ್ಶ್ವ ಬಾಹುವನ್ನು ವಿಕರ್ಣದಿಂದ ಭಾಗಿಸಿದರೆ ಕೊಸೈನ್, ಅಂದರೆ ಕಾಸ್. ಅದು ತಪ್ಪಲ್ಲ, ಆದರೆ ಕಲನಶಾಸ್ತ್ರಕ್ಕೆ ಸಾಲದು. ಲಂಬಕೋನ ತ್ರಿಭುಜದೊಳಗೆ 90 ಡಿಗ್ರಿಗಿಂತ ದೊಡ್ಡ ಕೋನ ಹಿಡಿಸುವುದಿಲ್ಲ, ಋಣ ಕೋನಕ್ಕೆ ಅಲ್ಲಿ ಅರ್ಥವೇ ಇಲ್ಲ. ನಮಗೆ ಬೇಕಿರುವುದು ಯಾವ ಸಂಖ್ಯೆಯನ್ನು ಕೊಟ್ಟರೂ ಉತ್ತರ ಕೊಡುವ ಫಂಕ್ಷನ್.

ಕೈವಾರ ತೆಗೆದುಕೊಂಡು ತ್ರಿಜ್ಯ 1 ಇರುವ ವೃತ್ತ ಎಳೆಯಿರಿ. ಕಾಗದದ ಮೇಲೆ 10 ಸೆಂಟಿಮೀಟರನ್ನು 1 ಎಂದುಕೊಂಡರೆ ಅಳೆಯಲು ಸುಲಭ. ಕೇಂದ್ರದಲ್ಲಿ ಎರಡು ಅಕ್ಷಗಳು ಹಾಯಲಿ. ಬಲತುದಿಯ ಬಿಂದುವಿನಿಂದ ಹೊರಟು ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ ವೃತ್ತದ ಅಂಚಿನ ಮೇಲೆ ನಡೆಯಿರಿ. ಕೇಂದ್ರದಲ್ಲಿ ಥೀಟಾ ಕೋನ ಆಗುವಷ್ಟು ನಡೆದು ನಿಂತಾಗ ನೀವು ಅಡ್ಡ ಅಕ್ಷದಿಂದ ಎಷ್ಟು ಎತ್ತರದಲ್ಲಿದ್ದೀರೋ ಅದು ಸೈನ್ ಥೀಟಾ. ನಡುವಿನ ಲಂಬ ಅಕ್ಷದಿಂದ ಎಷ್ಟು ಬಲಕ್ಕಿದ್ದೀರೋ ಅದು ಕಾಸ್ ಥೀಟಾ. ಎಡಕ್ಕೆ ಹೋದರೆ ಕಾಸ್ ಋಣ, ಕೆಳಗೆ ಇಳಿದರೆ ಸೈನ್ ಋಣ. ಇಷ್ಟೇ ವ್ಯಾಖ್ಯೆ.

ಈ ಒಂದು ಚಿತ್ರದಿಂದ ಎಷ್ಟು ಸಂಗತಿ ಉಚಿತವಾಗಿ ಸಿಗುತ್ತವೆ ನೋಡಿ. ವೃತ್ತದ ಮೇಲಿನ ಬಿಂದು ಕೇಂದ್ರದಿಂದ 1 ದೂರದಲ್ಲಿರುವುದರಿಂದ ಸೈನ್ ವರ್ಗ ಮತ್ತು ಕಾಸ್ ವರ್ಗ ಕೂಡಿದರೆ 1. ಎತ್ತರ 1ನ್ನು ಮೀರದು, −1ಕ್ಕಿಂತ ಇಳಿಯದು. ಒಂದು ಸುತ್ತು ಮುಗಿದ ಮೇಲೆ ಎಲ್ಲ ಬೆಲೆಗಳೂ ಮರುಕಳಿಸುತ್ತವೆ. ಹಿಂದಕ್ಕೆ ನಡೆದರೆ ಎತ್ತರದ ಚಿಹ್ನೆ ಬದಲಾಗುತ್ತದೆ, ಅಡ್ಡ ದೂರ ಬದಲಾಗುವುದಿಲ್ಲ: ಸೈನ್(−ಥೀಟಾ) = −ಸೈನ್ ಥೀಟಾ, ಕಾಸ್(−ಥೀಟಾ) = ಕಾಸ್ ಥೀಟಾ. ನಡಿಗೆ ಆರಂಭವಾಗುವಲ್ಲಿ ಎತ್ತರ 0, ಅಡ್ಡ ದೂರ 1; ಹಾಗಾಗಿ ಸೈನ್ 0 = 0, ಕಾಸ್ 0 = 1. ಈ ಕೊನೆಯ ಎರಡು ಬೆಲೆಗಳನ್ನು ಮುಂದೆ ಪ್ರತಿ ಸಾಲಿನಲ್ಲೂ ಬಳಸುತ್ತೇವೆ.

ಟ್ಯಾನ್ ಎಂದರೆ ಸೈನನ್ನು ಕಾಸ್‌ನಿಂದ ಭಾಗಿಸಿದ್ದು. ಕಾಸ್ 0 ಆಗುವ ಕಡೆಗಳಲ್ಲಿ ಅದಕ್ಕೆ ಬೆಲೆ ಇಲ್ಲ. ಕೊಸೆಕ್, ಸೆಕ್, ಕಾಟ್ ಎಂಬ ಮಿಕ್ಕ ಮೂರು ಈ ಮೂರರ ವ್ಯುತ್ಕ್ರಮಗಳು. ಲಿಮಿಟ್ ಲೆಕ್ಕದಲ್ಲಿ ಅವು ಕಂಡ ಕೂಡಲೇ ಸೈನ್ ಮತ್ತು ಕಾಸ್‌ಗೆ ಬದಲಿಸಿ ಬರೆದುಕೊಳ್ಳಿ. ಅವುಗಳ ಬಗ್ಗೆ ಸದ್ಯಕ್ಕೆ ಇದಕ್ಕಿಂತ ಹೆಚ್ಚು ಬೇಕಿಲ್ಲ.

ಎರಡನೆಯ ಹೆಜ್ಜೆ: ರೇಡಿಯನ್ ಜೊತೆ ಸ್ನೇಹ

ಇಲ್ಲಿ ಅವಸರ ಮಾಡಬೇಡಿ. ಮುಂದೆ ಆಗುವ ಗೊಂದಲಗಳಲ್ಲಿ ಬಹುಪಾಲು ಈ ಹೆಜ್ಜೆಯನ್ನು ಹಾರಿಸಿದ್ದರಿಂದಲೇ ಆಗುವಂಥವು.

ಒಂದು ಸುತ್ತಿಗೆ 360 ಡಿಗ್ರಿ ಎಂಬುದು ಮನುಷ್ಯರು ಮಾಡಿಕೊಂಡ ಒಪ್ಪಂದ. 400 ಎಂದಿದ್ದರೂ ನಡೆಯುತ್ತಿತ್ತು. ರೇಡಿಯನ್ ಹಾಗಲ್ಲ. ತ್ರಿಜ್ಯ 1 ಇರುವ ವೃತ್ತದ ಅಂಚಿನ ಮೇಲೆ ನೀವು ಎಷ್ಟು ದೂರ ನಡೆದಿರೋ ಅದೇ ರೇಡಿಯನ್‌ನಲ್ಲಿ ಕೋನ. ಪೂರ್ತಿ ಪರಿಧಿ 2 ಪೈ ಆದ್ದರಿಂದ 360 ಡಿಗ್ರಿ ಎಂದರೆ 2 ಪೈ ರೇಡಿಯನ್, 180 ಡಿಗ್ರಿ ಎಂದರೆ ಪೈ, 90 ಡಿಗ್ರಿ ಎಂದರೆ ಪೈ/2. ಒಂದು ರೇಡಿಯನ್ ಸುಮಾರು 57.3 ಡಿಗ್ರಿ. ಡಿಗ್ರಿಯಿಂದ ರೇಡಿಯನ್‌ಗೆ ಹೋಗಲು ಪೈ/180ರಿಂದ ಗುಣಿಸಿ, ಹಿಂದಿರುಗಲು 180/ಪೈ.

ಒಂದು ದಾರವನ್ನು ತ್ರಿಜ್ಯದಷ್ಟೇ ಉದ್ದಕ್ಕೆ ಕತ್ತರಿಸಿ, ನೀವು ಎಳೆದ ವೃತ್ತದ ಅಂಚಿನ ಮೇಲೆ ಅಂಟಿಸಿ ನೋಡಿ. ದಾರದ ಎರಡು ತುದಿಗಳನ್ನು ಕೇಂದ್ರಕ್ಕೆ ಸೇರಿಸಿದಾಗ ಮೂಡುವ ಕೋನವೇ ಒಂದು ರೇಡಿಯನ್. ಅರ್ಧ ವೃತ್ತಕ್ಕೆ ಇಂಥ ಮೂರು ದಾರ ಸಾಲದು, ಇನ್ನೂ ಚೂರು ಬೇಕು. ಆ ಮೂರು ಚಿಲ್ಲರೆಯೇ ಪೈ.

ರೇಡಿಯನ್‌ನಲ್ಲಿ ಕೋನವೂ ಒಂದು ಉದ್ದ, ಸೈನೂ ಒಂದು ಉದ್ದ, ಎರಡನ್ನೂ ಅಳೆದದ್ದು ಒಂದೇ ಅಳತೆಗೋಲಿನಿಂದ. ಆದ್ದರಿಂದಲೇ ಅವೆರಡನ್ನು ಹೋಲಿಸುವುದಕ್ಕೆ ಅರ್ಥ ಬರುತ್ತದೆ. ಈ ಉಪಾಯ ಬಹಳ ಹಳೆಯದು. ಕ್ರಿ.ಶ. 499ರ ಆರ್ಯಭಟೀಯದಲ್ಲಿ ಆರ್ಯಭಟ ಕೊಟ್ಟ ಜ್ಯಾ, ಅಂದರೆ ಸೈನ್, ಕೋಷ್ಟಕದಲ್ಲಿ ವೃತ್ತದ ಪರಿಧಿ 21600 ಕಲೆ, ಅಂದರೆ 360 ಡಿಗ್ರಿಯನ್ನು ತಲಾ 60 ಭಾಗ ಮಾಡಿದ್ದು. ಅದೇ ಅಳತೆಯಲ್ಲಿ ತ್ರಿಜ್ಯ 3438. 21600ನ್ನು 2 ಪೈನಿಂದ ಭಾಗಿಸಿ ನೋಡಿ, 3437.75 ಬರುತ್ತದೆ. ಕಂಸವನ್ನೂ (ವೃತ್ತದ ಅಂಚಿನ ತುಂಡು) ತ್ರಿಜ್ಯವನ್ನೂ ಒಂದೇ ಕೋಲಿನಲ್ಲಿ ಅಳೆದ ಆ ಕೋಷ್ಟಕದ ಮೊದಲ ಸಾಲು ನನಗೆ ಇಂದಿಗೂ ರೋಮಾಂಚನ ತರುತ್ತದೆ: ಕಂಸ 225 ಕಲೆ, ಅದರ ಜ್ಯಾ 225. ಕಂಸವೂ ಜ್ಯಾವೂ ಒಂದೇ ಸಂಖ್ಯೆ! ನಾವು ಇನ್ನು ಮುಂದೆ ಸಾಧಿಸಲಿರುವ ಲಿಮಿಟ್ ಆ ಸಾಲಿನಲ್ಲಿ ಆಗಲೇ ಮೈದೋರಿದೆ.

ಜ್ಯಾ ಎಂದರೆ ಬಿಲ್ಲಿನ ಹೆದೆ. ಕೋಷ್ಟಕದಲ್ಲಿರುವುದು ನಿಜಕ್ಕೂ ಅರ್ಧ ಹೆದೆ. ಅರ್ಧಜ್ಯಾ ಎಂಬುದು ಬಳಕೆಯಲ್ಲಿ ಜ್ಯಾ ಎಂದೇ ಉಳಿಯಿತು. ಅದರ ಇನ್ನೊಂದು ರೂಪ ಜೀವಾ. ಅದು ಅರಬ್ಬಿಗೆ ಹೋಗಿ ಜೀಬ ಆಯಿತು. ಸ್ವರ ಬರೆಯದ ಆ ಲಿಪಿಯಲ್ಲಿ ಮುಂದಿನವರು ಅದನ್ನು ಮಡಿಲು, ಮಡಿಕೆ ಎಂಬ ಅರ್ಥದ ಜೈಬ್ ಎಂದು ಓದಿದರು. 12ನೆಯ ಶತಮಾನದ ಲ್ಯಾಟಿನ್ ಅನುವಾದಗಳಲ್ಲಿ ಅದೇ ಅರ್ಥದ ಸೈನಸ್ ಬಂತು. ನಿಮ್ಮ ಕ್ಯಾಲ್ಕುಲೇಟರಿನ ಗುಂಡಿಯ ಮೇಲಿರುವುದು ಆ ಹೆದೆಯೇ.

ಕ್ಯಾಲ್ಕುಲೇಟರ್ ಎಂದಾಗ ನೆನಪಾಯಿತು: ಈಗಲೇ ಅದರಲ್ಲಿ ಸೈನ್ 30 ಒತ್ತಿ. 0.5 ಬಂದರೆ ಅದು ಡಿಗ್ರಿಯಲ್ಲಿದೆ. −0.988 ಬಂದರೆ ರೇಡಿಯನ್‌ನಲ್ಲಿದೆ. ಇನ್ನು ಮುಂದೆ ನಮಗೆ ಎರಡನೆಯದೇ ಬೇಕು.

ಮೂರನೆಯ ಹೆಜ್ಜೆ: ಸಾಧಿಸುವ ಮೊದಲು ಕಣ್ಣಾರೆ ನೋಡಿ

ಪ್ರಶ್ನೆ ಇದು: ಎಕ್ಸ್ ಸೊನ್ನೆಯ ಹತ್ತಿರ ಹೋಗುತ್ತಿದ್ದಂತೆ (ಸೈನ್ ಎಕ್ಸ್)/ಎಕ್ಸ್ ಎತ್ತ ಹೋಗುತ್ತದೆ? ಎಕ್ಸ್ ಜಾಗದಲ್ಲಿ ನೇರವಾಗಿ 0 ಹಾಕಿದರೆ 0/0. ಅದಕ್ಕೆ ಬೆಲೆ ಇಲ್ಲ. ಆದರೆ ಲಿಮಿಟ್ ಕೇಳುವುದು ಆ ಬಿಂದುವಿನಲ್ಲಿ ಏನಾಗುತ್ತದೆ ಎಂದಲ್ಲ. ಅದರ ಅಕ್ಕಪಕ್ಕದ ಬೆಲೆಗಳೆಲ್ಲ ಯಾವ ಸಂಖ್ಯೆಯ ಕಡೆಗೆ ಕೈ ತೋರಿಸುತ್ತಿವೆ ಎಂದು. ಸೊನ್ನೆಯ ಮನೆಗೆ ಬೀಗ ಹಾಕಿದೆ, ಸರಿ. ನೆರೆಯವರನ್ನು ಕೇಳೋಣ.

ಎಕ್ಸ್ = 1: ಬೆಲೆ 0.841471
ಎಕ್ಸ್ = 0.5: ಬೆಲೆ 0.958851
ಎಕ್ಸ್ = 0.1: ಬೆಲೆ 0.998334
ಎಕ್ಸ್ = 0.01: ಬೆಲೆ 0.999983

1ರ ಕಡೆಗೆ ಹೋಗುತ್ತಿದೆ ಎಂಬುದು ಸ್ಪಷ್ಟ. ಇನ್ನೂ ಒಂದನ್ನು ಗಮನಿಸಿ. 0.1ರಲ್ಲಿ 1ಕ್ಕೆ ಕೊರತೆ 0.001666, 0.01ರಲ್ಲಿ ಕೊರತೆ 0.00001666. ಎಕ್ಸ್ ಹತ್ತು ಪಟ್ಟು ಕುಗ್ಗಿದರೆ ಕೊರತೆ ನೂರು ಪಟ್ಟು ಕುಗ್ಗುತ್ತಿದೆ. ಹೆದೆ ಬಿಲ್ಲನ್ನು ಸುಮ್ಮನೆ ಸಮೀಪಿಸುತ್ತಿಲ್ಲ, ಧಾವಿಸಿ ಬರುತ್ತಿದೆ. ಋಣ ಎಕ್ಸ್‌ಗಳನ್ನೂ ಹಾಕಿ ನೋಡಿ. ಮೇಲೂ ಕೆಳಗೂ ಚಿಹ್ನೆ ಬದಲಾಗುವುದರಿಂದ ಅವೇ ಬೆಲೆಗಳು ಬರುತ್ತವೆ.

ಈಗ ಬೇಕೆಂದೇ ಕ್ಯಾಲ್ಕುಲೇಟರನ್ನು ಡಿಗ್ರಿಗೆ ತಿರುಗಿಸಿ ಇದೇ ಲೆಕ್ಕ ಮಾಡಿ. ಬೆಲೆಗಳು 1ರ ಬದಲು 0.0174533 ಕಡೆಗೆ ಹೋಗುತ್ತವೆ. ಅದು ಪೈ/180. ಎತ್ತರವನ್ನು ಒಂದು ಕೋಲಿನಲ್ಲೂ ಕೋನವನ್ನು ಇನ್ನೊಂದು ಕೋಲಿನಲ್ಲೂ ಅಳೆದದ್ದಕ್ಕೆ ತೆತ್ತ ದಂಡ. ಕಲನಶಾಸ್ತ್ರದವರು ರೇಡಿಯನ್ ಬಿಟ್ಟು ಕದಲದಿರುವುದು ಇದೇ ಕಾರಣಕ್ಕೆ.

ನಾಲ್ಕನೆಯ ಹೆಜ್ಜೆ: ಎರಡು ಗೋಡೆಗಳ ನಡುವೆ ಹಿಡಿಯಿರಿ

ಕ್ಯಾಲ್ಕುಲೇಟರ್ ತೋರಿಸಿದ್ದು ಸುಳಿವು. ಪುರಾವೆ ಬೇಕಾದರೆ ಮತ್ತೆ ವೃತ್ತಕ್ಕೆ ಹೋಗಬೇಕು. ಚಿತ್ರ ಬರೆಯದೆ ಈ ಭಾಗ ಓದಬೇಡಿ, ದಯವಿಟ್ಟು.

ಕೇಂದ್ರ ಓ. ವೃತ್ತದ ಬಲತುದಿ ಅ. ಅಲ್ಲಿಂದ ಥೀಟಾ ಕೋನದಷ್ಟು ಮೇಲೆ ವೃತ್ತದ ಮೇಲೆ ಬಿಂದು ಪ. ಥೀಟಾ 0 ಮತ್ತು ಪೈ/2ರ ನಡುವೆ ಇರಲಿ. ಅ ಬಿಂದುವಿನಲ್ಲಿ ವೃತ್ತಕ್ಕೆ ಸ್ಪರ್ಶಕ ಎಳೆಯಿರಿ, ಅದು ನೆಟ್ಟಗೆ ಮೇಲಕ್ಕೆ ಹೋಗುತ್ತದೆ. ಓಪ ಗೆರೆಯನ್ನು ಮುಂದಕ್ಕೆ ಎಳೆದರೆ ಅದು ಸ್ಪರ್ಶಕವನ್ನು ಒಂದು ಕಡೆ ಸಂಧಿಸುತ್ತದೆ, ಅದು ತ.

ಈಗ ಒಂದರೊಳಗೊಂದು ಕೂತ ಮೂರು ಆಕೃತಿಗಳು ಕಾಣುತ್ತವೆ.

ಅತಿ ಚಿಕ್ಕದು ಓಅಪ ತ್ರಿಭುಜ. ಪಾದ 1, ಎತ್ತರ ಸೈನ್ ಥೀಟಾ. ವಿಸ್ತೀರ್ಣ (ಸೈನ್ ಥೀಟಾ)/2.

ಅದನ್ನು ಒಳಗಿಟ್ಟುಕೊಂಡಿರುವುದು ಓ, ಅ, ಪ ನಡುವಿನ ವೃತ್ತದ ಹೋಳು, ಬಾಗಿದ ಅಂಚು ಸೇರಿ. ಪೂರ್ತಿ ವೃತ್ತ 2 ಪೈ ಕೋನಕ್ಕೆ ಪೈ ವಿಸ್ತೀರ್ಣ ಕೊಡುತ್ತದೆ, ಆದ್ದರಿಂದ ಥೀಟಾ ಕೋನದ ಹೋಳಿಗೆ ಥೀಟಾ/2.

ಎಲ್ಲಕ್ಕಿಂತ ದೊಡ್ಡದು ಓಅತ ತ್ರಿಭುಜ. ಪಾದ 1, ಎತ್ತರ ಟ್ಯಾನ್ ಥೀಟಾ. ವಿಸ್ತೀರ್ಣ (ಟ್ಯಾನ್ ಥೀಟಾ)/2. ಸ್ಪರ್ಶಕಕ್ಕೆ ಇಂಗ್ಲಿಷಿನಲ್ಲಿ ಇರುವ ಹೆಸರೂ ಟ್ಯಾನ್‌ನ ಪೂರ್ತಿ ಹೆಸರೂ ಒಂದೇ, ಟ್ಯಾಂಜೆಂಟ್. ಹಾಗೇಕೆ ಎಂಬುದು ಈ ಅತ ಗೆರೆ ನೋಡಿದರೆ ತಿಳಿಯುತ್ತದೆ.

ಒಳಗಿನದು ಹೊರಗಿನದಕ್ಕಿಂತ ಚಿಕ್ಕದು. ಎಲ್ಲವನ್ನೂ 2ರಿಂದ ಗುಣಿಸಿದರೆ:

ಸೈನ್ ಥೀಟಾ < ಥೀಟಾ < ಟ್ಯಾನ್ ಥೀಟಾ

ಸೈನ್ ಥೀಟಾ ಇಲ್ಲಿ ಧನ ಸಂಖ್ಯೆ, ಹಾಗಾಗಿ ಅದರಿಂದ ಭಾಗಿಸಬಹುದು:

1 < ಥೀಟಾ/(ಸೈನ್ ಥೀಟಾ) < 1/(ಕಾಸ್ ಥೀಟಾ)

ಮೂರನ್ನೂ ತಲೆಕೆಳಗು ಮಾಡಿ. ಧನ ಸಂಖ್ಯೆಗಳನ್ನು ತಲೆಕೆಳಗು ಮಾಡಿದಾಗ ಕ್ರಮ ತಿರುಗುತ್ತದೆ ಎಂಬುದನ್ನು ಮರೆಯಬೇಡಿ, ಎಡವುವವರು ಎಡವುವುದು ಇಲ್ಲೇ:

ಕಾಸ್ ಥೀಟಾ < (ಸೈನ್ ಥೀಟಾ)/ಥೀಟಾ < 1

ಥೀಟಾ ಸೊನ್ನೆಗೆ ಇಳಿಯುತ್ತಿದ್ದಂತೆ ಪ ಬಿಂದು ಅ ಕಡೆಗೆ ಜಾರುತ್ತದೆ, ಕಾಸ್ ಥೀಟಾ 1ಕ್ಕೆ ಏರುತ್ತದೆ. ಎಡಗಡೆ ಗೋಡೆ 1ರ ಕಡೆಗೆ ಬರುತ್ತಿದೆ, ಬಲಗಡೆ ಗೋಡೆ 1ರಲ್ಲೇ ನಿಂತಿದೆ. ನಡುವೆ ಸಿಕ್ಕಿದ್ದಕ್ಕೆ ಬೇರೆ ದಾರಿ ಇಲ್ಲ, ಅದೂ 1ಕ್ಕೇ ಹೋಗಬೇಕು. ಥೀಟಾ ಋಣವಾದರೂ ಭಾಗಲಬ್ಧ ಬದಲಾಗುವುದಿಲ್ಲ ಎಂದು ಆಗಲೇ ನೋಡಿದ್ದೇವೆ. ಎರಡೂ ಬದಿಯಿಂದ ಲಿಮಿಟ್ 1.

ಥೀಟಾ 0.1 ಹಾಕಿ ಪರೀಕ್ಷಿಸಿ: 0.995004 < 0.998334 < 1. ಸರಿಯಾಗಿ ಗೋಡೆಗಳ ನಡುವೆಯೇ ಇದೆ.

ಇಲ್ಲೊಂದು ಮಾತು. ಮುಂದೆ ಡೆರಿವೇಟಿವ್ (ಫಂಕ್ಷನ್ ಬದಲಾಗುವ ವೇಗ), ಅದನ್ನು ಬಳಸಿ 0/0 ಲಿಮಿಟ್ ಬಿಡಿಸುವ ಲೋಪಿಟಾಲ್ ನಿಯಮ ಕಲಿತವರು 'ಮೇಲೆ ಕೆಳಗೆ ಡೆರಿವೇಟಿವ್ ತೆಗೆದರೆ ಕಾಸ್ ಎಕ್ಸ್/1, ಅಂದರೆ 1, ಒಂದೇ ಸಾಲು' ಎನ್ನುತ್ತಾರೆ. ಉತ್ತರ ಸರಿ, ವಾದ ಪುರಾವೆಯಾಗದು. ಸೈನ್‌ನ ಡೆರಿವೇಟಿವ್ ಕಾಸ್ ಎಂದು ತೋರಿಸಲಿಕ್ಕೇ ಈ ಲಿಮಿಟ್ ಬೇಕು. ಮನೆಯ ತಳಪಾಯವನ್ನು ಅದೇ ಮನೆಯ ಮಾಳಿಗೆಯಿಂದ ತೂಗುಹಾಕಲು ಆಗುವುದಿಲ್ಲ.

ಐದನೆಯ ಹೆಜ್ಜೆ: ಒಂದರಿಂದ ಮಿಕ್ಕವು

ಟ್ಯಾನ್ ಸುಲಭ. (ಟ್ಯಾನ್ ಎಕ್ಸ್)/ಎಕ್ಸ್ ಎಂದರೆ (ಸೈನ್ ಎಕ್ಸ್)/ಎಕ್ಸ್ ಅನ್ನು 1/(ಕಾಸ್ ಎಕ್ಸ್)ನಿಂದ ಗುಣಿಸಿದ್ದು. ಎರಡೂ 1ಕ್ಕೆ ಹೋಗುತ್ತವೆ, ಉತ್ತರ 1.

ಕಾಸ್ ಸ್ವಲ್ಪ ಕೆಲಸ ಬೇಡುತ್ತದೆ. 1 − ಕಾಸ್ ಎಕ್ಸ್ ಕಂಡಾಗಲೆಲ್ಲ 1 + ಕಾಸ್ ಎಕ್ಸ್‌ನಿಂದ ಮೇಲೂ ಕೆಳಗೂ ಗುಣಿಸಿ. ಮೇಲೆ 1 − ಕಾಸ್ ವರ್ಗ ಬರುತ್ತದೆ, ಅದು ಸೈನ್ ವರ್ಗ. ಹೀಗೆ:

(1 − ಕಾಸ್ ಎಕ್ಸ್)/ಎಕ್ಸ್² = [(ಸೈನ್ ಎಕ್ಸ್)/ಎಕ್ಸ್]² × 1/(1 + ಕಾಸ್ ಎಕ್ಸ್)

ಮೊದಲ ತುಂಡು 1ಕ್ಕೆ, ಎರಡನೆಯದು 1/2ಕ್ಕೆ. ಉತ್ತರ 1/2. ಎಕ್ಸ್ 0.1 ಹಾಕಿದರೆ 0.499583 ಬರುತ್ತದೆ, ನೋಡಿಕೊಳ್ಳಿ. ಛೇದದಲ್ಲಿ ಎಕ್ಸ್ ವರ್ಗದ ಬದಲು ಬರೀ ಎಕ್ಸ್ ಇದ್ದರೆ? ಮೇಲಿನದನ್ನೇ ಎಕ್ಸ್‌ನಿಂದ ಗುಣಿಸಿದಂತೆ, ಅಂದರೆ 1/2 × 0 = 0. ಸೊನ್ನೆಯ ಹತ್ತಿರ ಎತ್ತರ ಎಕ್ಸ್‌ನಷ್ಟೇ ವೇಗವಾಗಿ ಏರುತ್ತದೆ, ಅಡ್ಡ ದೂರ ಮಾತ್ರ 1ರಿಂದ ಬಹಳ ನಿಧಾನವಾಗಿ ಕದಲುತ್ತದೆ. ವೃತ್ತದ ಬಲತುದಿ ನೆಟ್ಟಗೆ ನಿಂತಿರುವುದನ್ನು ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ.

ಇಲ್ಲಿ ಕ್ಯಾಲ್ಕುಲೇಟರ್ ಮೋಸ ಮಾಡಬಲ್ಲದು. ಹೆಚ್ಚು ನಿಖರತೆ ಬೇಕೆಂದು ಎಕ್ಸ್ ಜಾಗದಲ್ಲಿ 0.000001 ಹಾಕಿದರೆ ಕಾಸ್ ಬೆಲೆ 0.9999999999995. ಹತ್ತು ಅಂಕಿ ಹಿಡಿಯುವ ಯಂತ್ರ ಅದನ್ನು 1 ಎಂದೇ ತಿಳಿದು, 1 − 1 = 0 ಎಂದು, ಉತ್ತರ 0 ಎಂದು ತೋರಿಸುತ್ತದೆ. ಲಿಮಿಟ್ 1/2 ಆಗಿರುವಾಗ! ಬಹಳ ಚಿಕ್ಕ ಸಂಖ್ಯೆ ಹಾಕುವುದಕ್ಕಿಂತ 0.1, 0.01 ಹಾಕಿ ನಡಿಗೆಯ ದಿಕ್ಕು ನೋಡುವುದು ಒಳ್ಳೆಯದು.

ಆರನೆಯ ಹೆಜ್ಜೆ: ಲೆಕ್ಕಕ್ಕೆ ಕೈ ಹಾಕುವುದು

ಯಾವ ಲೆಕ್ಕ ಬಂದರೂ ಮೊದಲು ನೇರವಾಗಿ ಬೆಲೆ ಹಾಕಿ ನೋಡಿ. ಉತ್ತರ ಬಂದರೆ ಅಲ್ಲಿಗೆ ಮುಗಿಯಿತು. ಎಕ್ಸ್ → ಪೈ/2 ಆದಾಗ (ಸೈನ್ ಎಕ್ಸ್)/ಎಕ್ಸ್ ಎಷ್ಟು ಎಂದು ಕೇಳಿದರೆ ಅಭ್ಯಾಸಬಲದಿಂದ 1 ಎಂದು ಬರೆಯುವವರು ಬಹಳ. ನೇರವಾಗಿ ಹಾಕಿ: 1/(ಪೈ/2), ಅಂದರೆ 2/ಪೈ. ಸೂತ್ರ ಅನ್ವಯಿಸುವುದು ಎಕ್ಸ್ ಸೊನ್ನೆಗೆ ಹೋಗುವಾಗ ಮಾತ್ರ.

0/0 ಬಂದರೆ ಒಂದೇ ನಿಯಮ: ಸೈನ್ ಒಳಗೆ ಏನಿದೆಯೋ ಅದೇ ವಸ್ತು ಕೆಳಗೂ ಬರಬೇಕು, ಮತ್ತು ಆ ವಸ್ತು ಸೊನ್ನೆಗೆ ಹೋಗುತ್ತಿರಬೇಕು.

(ಸೈನ್ 5 ಎಕ್ಸ್)/ಎಕ್ಸ್ ತೆಗೆದುಕೊಳ್ಳಿ. ಒಳಗೆ 5 ಎಕ್ಸ್, ಕೆಳಗೆ ಬರೀ ಎಕ್ಸ್. ಮೇಲೆ ಕೆಳಗೆ 5ರಿಂದ ಗುಣಿಸಿ: 5 × (ಸೈನ್ 5 ಎಕ್ಸ್)/(5 ಎಕ್ಸ್). ಉತ್ತರ 5. ಸೈನ್ 5 ಎಕ್ಸ್ ಎಂಬುದನ್ನು 5 ಸೈನ್ ಎಕ್ಸ್ ಎಂದು ಬರೆದರೂ ಇಲ್ಲಿ ಆಕಸ್ಮಿಕವಾಗಿ ಅದೇ ಉತ್ತರ ಬರುತ್ತದೆ; ಆದರೆ ಅದು ತಪ್ಪು, ಎಕ್ಸ್ = ಪೈ/2 ಹಾಕಿದರೆ ಒಂದು 1, ಇನ್ನೊಂದು 5.

(ಸೈನ್ 3 ಎಕ್ಸ್)/(ಸೈನ್ 7 ಎಕ್ಸ್) ಬಂದರೆ ಮೇಲಿನದಕ್ಕೆ 3 ಎಕ್ಸ್, ಕೆಳಗಿನದಕ್ಕೆ 7 ಎಕ್ಸ್ ಜೋಡಿ ಮಾಡಿ ಕೊಡಿ. ಎರಡೂ ಜೋಡಿಗಳು 1 ಆಗಿ ಹೋಗುತ್ತವೆ, ಉಳಿಯುವುದು 3/7.

(1 − ಕಾಸ್ 6 ಎಕ್ಸ್)/ಎಕ್ಸ್² ಇದ್ದರೆ ಕೆಳಗೆ 6 ಎಕ್ಸ್‌ನ ವರ್ಗ ಬೇಕು, ಅಂದರೆ 36ರಿಂದ ಗುಣಿಸಬೇಕು: 36 × 1/2 = 18. 6ರಿಂದ ಗುಣಿಸಿ 3 ಎಂದು ಬರೆಯುವುದು ಸಾಮಾನ್ಯ ತಪ್ಪು.

ಈಗ ನಿಜವಾಗಿ ಕಲಿಸುವ ಲೆಕ್ಕ: (ಟ್ಯಾನ್ ಎಕ್ಸ್ − ಸೈನ್ ಎಕ್ಸ್)/ಎಕ್ಸ್³. 'ಚಿಕ್ಕ ಎಕ್ಸ್‌ಗೆ ಟ್ಯಾನ್ ಎಕ್ಸ್ ಎಂದರೂ ಎಕ್ಸ್, ಸೈನ್ ಎಕ್ಸ್ ಎಂದರೂ ಎಕ್ಸ್, ಕಳೆದರೆ 0' ಎಂದು ಮನಸ್ಸು ಹೇಳುತ್ತದೆ. ಕೇಳಬೇಡಿ. ಎರಡೂ ಎಕ್ಸ್‌ಗೆ ಹತ್ತಿರ, ನಿಜ. ಆದರೆ ಈ ಲೆಕ್ಕ ಕೇಳುತ್ತಿರುವುದು ಅವೆರಡರ ನಡುವಿನ ಸೂಕ್ಷ್ಮ ಅಂತರವನ್ನೇ. ಅದನ್ನೇ ಎಸೆದರೆ ಉಳಿಯುವುದೇನು? ಟ್ಯಾನನ್ನು ಹೊರತೆಗೆಯಿರಿ. ಟ್ಯಾನ್ ಎಕ್ಸ್ − ಸೈನ್ ಎಕ್ಸ್ = ಟ್ಯಾನ್ ಎಕ್ಸ್ × (1 − ಕಾಸ್ ಎಕ್ಸ್), ಏಕೆಂದರೆ ಟ್ಯಾನ್ × ಕಾಸ್ = ಸೈನ್. ಕೆಳಗಿನ ಎಕ್ಸ್³ನ್ನು ಎಕ್ಸ್ ಮತ್ತು ಎಕ್ಸ್² ಎಂದು ಹಂಚಿ:

[(ಟ್ಯಾನ್ ಎಕ್ಸ್)/ಎಕ್ಸ್] × [(1 − ಕಾಸ್ ಎಕ್ಸ್)/ಎಕ್ಸ್²] → 1 × 1/2 = 1/2

ಗುಣಾಕಾರದಲ್ಲಿ ಇರುವ ಸೈನ್ ಎಕ್ಸ್ ಬದಲು ಎಕ್ಸ್ ಬರೆಯಬಹುದು, ಕೂಡುವಿಕೆ ಕಳೆಯುವಿಕೆಯ ನಡುವೆ ಬರೆಯಬಾರದು ಎಂದು ಇಟ್ಟುಕೊಳ್ಳಿ. ಈ ಒಂದು ಎಚ್ಚರಿಕೆ ನಿಮ್ಮನ್ನು ಬಹಳ ಕಡೆ ಕಾಯುತ್ತದೆ.

ಎಕ್ಸ್ ಬೇರೆ ಬಿಂದುವಿಗೆ ಹೋಗುತ್ತಿದ್ದರೆ ಆ ಬಿಂದುವನ್ನು ಸೊನ್ನೆಗೆ ತನ್ನಿ. ಎಕ್ಸ್ → 1 ಆದಾಗ ಸೈನ್(ಪೈ ಎಕ್ಸ್)/(ಎಕ್ಸ್ − 1) ಎಷ್ಟು? ಎಕ್ಸ್ = 1 + ಎಚ್ ಎಂದಿಡಿ. ಕೆಳಗೆ ಎಚ್ ಉಳಿಯುತ್ತದೆ. ಮೇಲೆ ಸೈನ್(ಪೈ + ಪೈ ಎಚ್). ಅರ್ಧ ಸುತ್ತು ಹೆಚ್ಚು ನಡೆದರೆ ವೃತ್ತದ ಎದುರು ಬದಿಗೆ ಬರುತ್ತೇವೆ, ಎತ್ತರದ ಚಿಹ್ನೆ ತಿರುಗುತ್ತದೆ, ಆದ್ದರಿಂದ ಅದು −ಸೈನ್(ಪೈ ಎಚ್). ಉತ್ತರ −ಪೈ.

ಲಿಮಿಟ್ ಇಲ್ಲದಿರುವುದೂ ಒಂದು ಉತ್ತರ

ಎಕ್ಸ್ → 0 ಆದಾಗ ಸೈನ್(1/ಎಕ್ಸ್) ಎತ್ತ ಹೋಗುತ್ತದೆ? ಎಕ್ಸ್ ಕುಗ್ಗಿದಂತೆ 1/ಎಕ್ಸ್ ಮಿತಿಯಿಲ್ಲದೆ ಬೆಳೆಯುತ್ತದೆ, ಬಿಂದು ವೃತ್ತದ ಸುತ್ತ ಹುಚ್ಚೆದ್ದು ಓಡುತ್ತದೆ. ಎಕ್ಸ್ ಜಾಗದಲ್ಲಿ 1/ಪೈ, 1/(2 ಪೈ), 1/(3 ಪೈ) ಹಾಕುತ್ತಾ ಹೋದರೆ ಯಾವಾಗಲೂ 0. ಆದರೆ 1/(2 ಪೈ + ಪೈ/2), 1/(4 ಪೈ + ಪೈ/2) ಹಾಕುತ್ತಾ ಹೋದರೆ ಯಾವಾಗಲೂ 1. ಎರಡು ದಾರಿಯಲ್ಲಿ ಎರಡು ಉತ್ತರ. ಹಾಗಾಗಿ ಲಿಮಿಟ್ ಇಲ್ಲ.

ಅದನ್ನೇ ಎಕ್ಸ್‌ನಿಂದ ಗುಣಿಸಿ: ಎಕ್ಸ್ × ಸೈನ್(1/ಎಕ್ಸ್). ಈಗ ಲಿಮಿಟ್ ಇದೆ, 0. ಸೈನ್ ಎಷ್ಟೇ ಕುಣಿದರೂ −1 ಮತ್ತು 1ರ ಆಚೆ ಹೋಗದು, ಎಕ್ಸ್ ಅದನ್ನು ಎರಡೂ ಬದಿಯಿಂದ ಹಿಂಡಿ ಸೊನ್ನೆಗೆ ತರುತ್ತದೆ. ಮತ್ತೆ ಅದೇ ಎರಡು ಗೋಡೆಗಳ ಉಪಾಯ. ಎಕ್ಸ್ ಅನಂತಕ್ಕೆ ಹೋದಾಗ (ಸೈನ್ ಎಕ್ಸ್)/ಎಕ್ಸ್ ಸೊನ್ನೆಯಾಗುವುದೂ ಇದೇ ಕಾರಣಕ್ಕೆ.

ಮುಂದೆ ಓದುವ ಮೊದಲು ಇವಿಷ್ಟನ್ನು ಬಿಡಿಸಿ. ಎಕ್ಸ್ → 0 ಆದಾಗ (ಟ್ಯಾನ್ 3 ಎಕ್ಸ್)/(ಸೈನ್ 8 ಎಕ್ಸ್). ಎಕ್ಸ್ → 0 ಆದಾಗ (1 − ಕಾಸ್ 4 ಎಕ್ಸ್)/(ಎಕ್ಸ್ ಸೈನ್ ಎಕ್ಸ್). ಎಕ್ಸ್ → 2 ಆದಾಗ ಸೈನ್(ಎಕ್ಸ್ − 2)/(ಎಕ್ಸ್² − 4). ಎಕ್ಸ್ → 0 ಆದಾಗ (ಕಾಸ್ ಎಕ್ಸ್ − ಕಾಸ್ 3 ಎಕ್ಸ್)/ಎಕ್ಸ್². ಉತ್ತರಗಳು ಕ್ರಮವಾಗಿ 3/8, 8, 1/4, 4. ಕೊನೆಯದು ಬರಲಿಲ್ಲವಾದರೆ ಮೇಲೆ 1 ಕೂಡಿ 1 ಕಳೆಯಿರಿ, ದಾರಿ ತೆರೆಯುತ್ತದೆ.

ಕೊನೆಯ ಹೆಜ್ಜೆ: ಇದೆಲ್ಲ ಯಾಕಾಗಿ

ಈ ಲಿಮಿಟ್‌ಗಳನ್ನು ಕಲಿಯುವುದು ಸೈನ್ ಯಾವ ವೇಗದಲ್ಲಿ ಬದಲಾಗುತ್ತದೆ ಎಂದು ತಿಳಿಯಲಿಕ್ಕೆ. ಎಕ್ಸ್‌ನಿಂದ ಎಚ್‌ನಷ್ಟು ಮುಂದೆ ಸರಿದಾಗ ಆಗುವ ಬದಲಾವಣೆಯನ್ನು ಎಚ್‌ನಿಂದ ಭಾಗಿಸಿ, ಎಚ್ ಅನ್ನು ಸೊನ್ನೆಗೆ ಬಿಟ್ಟರೆ ಸಿಗುವುದೇ ಡೆರಿವೇಟಿವ್. ಸೈನ್(ಎಕ್ಸ್ + ಎಚ್) = ಸೈನ್ ಎಕ್ಸ್ × ಕಾಸ್ ಎಚ್ + ಕಾಸ್ ಎಕ್ಸ್ × ಸೈನ್ ಎಚ್ ಎಂಬ ನಿಮಗೆ ಗೊತ್ತಿರುವ ಸೂತ್ರ ಹಾಕಿ, ಸೈನ್ ಎಕ್ಸ್ ಕಳೆದು, ಜೋಡಿಸಿ ಬರೆದರೆ:

ಸೈನ್ ಎಕ್ಸ್ × (ಕಾಸ್ ಎಚ್ − 1)/ಎಚ್ + ಕಾಸ್ ಎಕ್ಸ್ × (ಸೈನ್ ಎಚ್)/ಎಚ್

ಎರಡೂ ನಮ್ಮ ಪರಿಚಯದವು. ಮೊದಲನೆಯದು 0ಕ್ಕೆ ಹೋಗುತ್ತದೆ, ಎರಡನೆಯದು 1ಕ್ಕೆ. ಉಳಿಯುವುದು ಕಾಸ್ ಎಕ್ಸ್. ಡಿಗ್ರಿಯಲ್ಲಿ ಲೆಕ್ಕ ಮಾಡಿದ್ದರೆ ಇದರ ಹಿಂದೆ ಪೈ/180 ಎಂಬ ಬಾಲ ಅಂಟಿಕೊಂಡು, ಮುಂದಿನ ಪ್ರತಿ ಸೂತ್ರದಲ್ಲೂ ಕಾಡುತ್ತಿತ್ತು.

ಇದನ್ನು ನಂಬಲು ಸಂಖ್ಯೆ ಬೇಕೆನ್ನುವವರು ಮತ್ತೆ ಆರ್ಯಭಟನ ಕೋಷ್ಟಕಕ್ಕೆ ಹೋಗಿ. ಆತ ಕೊಟ್ಟದ್ದು ಜ್ಯಾಗಳನ್ನಲ್ಲ, ಒಂದು ಜ್ಯಾದಿಂದ ಮುಂದಿನದಕ್ಕೆ ಇರುವ 24 ವ್ಯತ್ಯಾಸಗಳನ್ನು. 225, 224, 222, 219, 215 ಎಂದು ಶುರುವಾಗಿ ಕೊನೆಗೆ 51, 37, 22, 7 ಎಂದು ಮುಗಿಯುತ್ತದೆ. ಎಲ್ಲ ಕೂಡಿದರೆ 3438. ಪ್ರತಿ ಹೆಜ್ಜೆ 225 ಕಲೆ, ಅಂದರೆ 3.75 ಡಿಗ್ರಿ. ಸೈನ್ ಬದಲಾಗುವ ವೇಗ ಕಾಸ್ ಆಗಿದ್ದರೆ ಈ ವ್ಯತ್ಯಾಸಗಳು 225ನ್ನು ಆಯಾ ಕಡೆಯ ಕಾಸ್‌ನಿಂದ ಗುಣಿಸಿದಷ್ಟು ಇರಬೇಕು. 16ನೆಯದು 56.25ರಿಂದ 60 ಡಿಗ್ರಿವರೆಗಿನ ಹೆಜ್ಜೆ. ನಡುವಿನ ಕೋನ 58.125, ಅದರ ಕಾಸ್ 0.528, ಗುಣಿಸಿದರೆ 118.8. ಕೋಷ್ಟಕದಲ್ಲಿ ಇರುವುದು 119. ಕೊನೆಯ ಹೆಜ್ಜೆಯ ನಡುವಿನ ಕೋನ 88.125, ಕಾಸ್ 0.0327, ಗುಣಿಸಿದರೆ 7.36. ಕೋಷ್ಟಕದಲ್ಲಿ 7. ಈ ಲೆಕ್ಕಕ್ಕೆ ಮಾತ್ರ ಕ್ಯಾಲ್ಕುಲೇಟರನ್ನು ಡಿಗ್ರಿಗೆ ತಿರುಗಿಸಿಕೊಳ್ಳಿ, ಮುಗಿದ ಮೇಲೆ ರೇಡಿಯನ್‌ಗೆ ಮರಳಿಸಿ. ಅದಾದ ಮೇಲೆ ಕಾಸ್(ಎಕ್ಸ್ + ಎಚ್) ಸೂತ್ರ ತೆಗೆದುಕೊಂಡು ಇದೇ ದಾರಿಯಲ್ಲಿ ಕಾಸ್‌ನ ಡೆರಿವೇಟಿವ್ ತೆಗೆಯಿರಿ. −ಸೈನ್ ಎಕ್ಸ್ ಬರಬೇಕು, ಅದೂ ಅವೇ ಎರಡು ಲಿಮಿಟ್‌ಗಳಿಂದ.